ಎಲ್ಲರಿಗೂ ಗೊತ್ತಿದ್ದ ಮಾತು

ನಮ್ಮೂರಿನ ನ್ಯಾಯಬೆಲೆ ಅಂಗಡಿಯ ತಕ್ಕಡಿಯ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಸಕ್ಕರೆ ತೂಗುವಾಗ ಅಂಗಡಿಯವರ ಹೆಬ್ಬೆರಳು ತಟ್ಟೆಯ ಅಂಚಿಗೆ ತಾಗಿಕೊಂಡೇ ಇರುತ್ತಿತ್ತು. ನಮ್ಮಜ್ಜಿ ಮನೆಗೆ ಬಂದ ಮೇಲೆ ಪೊಟ್ಟಣವನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ, ಏನೂ ಹೇಳದೆ ಡಬ್ಬಕ್ಕೆ ಸುರಿಯುತ್ತಿದ್ದಳು. ಅಕ್ಕಪಕ್ಕದ ಮನೆಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಸಾಲಿನಲ್ಲಿ ನಿಂತಾಗ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮುಂದಿನ ತಿಂಗಳು ಸೀಮೆಎಣ್ಣೆಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಲ್ಲ.

ಒಂದು ವರ್ಷ ಗಣೇಶನ ಹಬ್ಬಕ್ಕೆ ಹುಡುಗರು ನಾಟಕ ಆಡಿದರು. ಯಮಲೋಕದ ದೃಶ್ಯ. ಚಿತ್ರಗುಪ್ತನಾಗಿದ್ದ ಹುಡುಗ ಪಾಪಪುಣ್ಯ ತೂಗಲು ತಕ್ಕಡಿ ಎತ್ತಿದ. ಎತ್ತಿದವನೇ ಪಾಪದ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸಿ ನಿಂತ. ಅವನು ಒಂದು ಮಾತೂ ಆಡಲಿಲ್ಲ. ಅರೆಗಳಿಗೆ ಚಪ್ಪರವೆಲ್ಲ ಸ್ತಬ್ಧವಾಗಿ, ಆಮೇಲೆ ಒಮ್ಮೆಗೇ ನಗೆ ಹಾರಿತು. ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರೂ ನಕ್ಕರು, ನಗದೆ ಬೇರೆ ದಾರಿ ಇರಲಿಲ್ಲ. ಮರುತಿಂಗಳು ರೇಷನ್ ಕೊಡುವ ದಿನ ಅವರ ಕೈ ತಟ್ಟೆಯತ್ತ ಹೋದಾಗ ಸಾಲಿನ ಹಿಂದಿನಿಂದ ಯಾರೋ "ಚಿತ್ರಗುಪ್ತಾ..." ಎಂದು ಮೆಲ್ಲಗೆ ಕರೆದರು. ಕೈ ಹಿಂದಕ್ಕೆ ಸರಿಯಿತು.

ಆ ನಾಟಕ ಊರಿಗೆ ಹೊಸ ಸುದ್ದಿಯನ್ನೇನೂ ಕೊಟ್ಟಿರಲಿಲ್ಲ. ಅಜ್ಜಿಗೆ ಗೊತ್ತಿದ್ದದ್ದು ಅಜ್ಜಿಯ ಅಡುಗೆಮನೆಯಲ್ಲಿತ್ತು, ಪಕ್ಕದ ಮನೆಯವರಿಗೆ ಗೊತ್ತಿದ್ದದ್ದು ಅವರ ಅಡುಗೆಮನೆಯಲ್ಲಿತ್ತು. ಒಬ್ಬೊಬ್ಬರೊಳಗೂ ಬೇರೆಬೇರೆಯಾಗಿ ಬಿದ್ದಿದ್ದ ಅರಿವು ಆ ರಾತ್ರಿ ಒಂದೇ ಚಪ್ಪರದ ಕೆಳಗೆ ಕೂಡಿತು. ನನಗೆ ಗೊತ್ತಿರುವುದು ನಿನಗೂ ಗೊತ್ತಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ವಿಡಂಬನೆ ಮಾಡುವ ಕೆಲಸ ಇದೇ ಎಂದು ನಾನು ನಂಬಿದ್ದೇನೆ. ಇಲ್ಲದ್ದನ್ನು ಅದು ಹುಟ್ಟಿಸಿ ಹೇಳುವುದಿಲ್ಲ. ಇರುವುದನ್ನು, ಎಲ್ಲರೂ ಬಲ್ಲದ್ದನ್ನು, ಎಲ್ಲರೂ ಕೂತಿರುವಾಗ ಎತ್ತಿ ತೋರಿಸುತ್ತದೆ. ಅಲ್ಲಿಂದ ಮುಂದೆ ಗೊತ್ತಿಲ್ಲದಂತೆ ನಟಿಸುವುದು ಕಷ್ಟ.

ನಗುವಿನ ಏಟಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಗೇಲಿ, ಲೇವಡಿ, ಅಣಕ, ಕಟಕಿ, ಕುಹಕ, ಕುಚೋದ್ಯ ಎಂದು ಒಂದೊಂದಕ್ಕೂ ಒಂದೊಂದು ಮೊನೆ. ವಿಡಂಬನೆ ಸಂಸ್ಕೃತದಿಂದ ಬಂದ ಪದ. ಅನುಕರಣೆ ಎಂಬ ಅರ್ಥವೂ ಅದರೊಳಗಿದೆ. ಅನುಕರಿಸಬೇಕಾದರೆ ಮೊದಲು ಚೆನ್ನಾಗಿ ನೋಡಿರಬೇಕು. ಒಬ್ಬನನ್ನು ಲೇವಡಿ ಮಾಡಲು ಅವನ ಮೂಗೋ ನಡಿಗೆಯೋ ಸಾಕು. ವಿಡಂಬನೆಗೆ ಅವನು ಮಾಡುವ ಕೆಲಸವೇ ಬೇಕು, ಅದೂ ಹೆಬ್ಬೆರಳು ತಟ್ಟೆಗೆ ತಾಗುವ ಜಾಗದವರೆಗೆ ನಿಖರವಾಗಿ ಬೇಕು. ಉತ್ಪ್ರೇಕ್ಷೆಯೇ ವಿಡಂಬನೆಯ ಜೀವ ಎಂದು ಪಾಠ ಹೇಳುವವರನ್ನು ನಾನು ಒಪ್ಪುವುದಿಲ್ಲ. ಉತ್ಪ್ರೇಕ್ಷೆ ಅದರ ಬಟ್ಟೆ. ಮೈ ಮಾತ್ರ ವಾಸ್ತವದ್ದೇ.

ಈ ಮಾತಿಗೆ ಕನ್ನಡದಲ್ಲಿ ಕನಕದಾಸರ 'ರಾಮಧಾನ್ಯ ಚರಿತೆ'ಗಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ. 16ನೇ ಶತಮಾನದ ಕೃತಿ, ಭಾಮಿನಿ ಷಟ್ಪದಿಯಲ್ಲಿದೆ, ಗಾತ್ರದಲ್ಲಿ ಬಹಳ ಚಿಕ್ಕದು. ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ರಾಮ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ಬಗೆಬಗೆಯ ಧಾನ್ಯಗಳ ಊಟ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಏಳುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಗೌತಮ ಮುನಿ ನರೆದಲೆಗ, ಅಂದರೆ ರಾಗಿಯೇ ಹೆಚ್ಚು ಎನ್ನುತ್ತಾನೆ. ಭತ್ತಕ್ಕೆ ಕೆಂಡದಂಥ ಕೋಪ. ನೀನು ಶೂದ್ರರ ಅನ್ನ, ನನ್ನ ಸಮಕ್ಕೆ ನಿಲ್ಲುವ ಯೋಗ್ಯತೆ ನಿನಗೆಲ್ಲಿ ಎಂದು ತುಂಬಿದ ಸಭೆಯಲ್ಲಿ ಹೀಗಳೆಯುತ್ತದೆ. ರಾಗಿ ತಲೆ ತಗ್ಗಿಸುವುದಿಲ್ಲ. ಬಡವರತ್ತ ನೋಡದೆ ಉಳ್ಳವರ ಬೆನ್ನು ಹತ್ತುವವನು ನೀನು ಎಂದು ತಿರುಗಿ ಕೇಳುತ್ತದೆ.

ಸಭೆಯಲ್ಲಿ ಅಷ್ಟೊಂದು ಜ್ಞಾನಿಗಳಿದ್ದರೂ ತೀರ್ಮಾನ ಹೇಳಲಾಗುವುದಿಲ್ಲ. ರಾಮನೂ ಮಾತಿನ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸೊರಗಿ ಸತ್ವ ಕಳೆದುಕೊಂಡಿದೆ, ರಾಗಿ ಹೋದ ಹಾಗೆಯೇ ಬಂದಿದೆ. ರಾಮ ಮೆಚ್ಚಿ ರಾಘವ ಎಂಬ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಈ ತೀರ್ಪು ಕವಿ ಕಲ್ಪನೆಯಿಂದ ಹೊಸೆದದ್ದಲ್ಲ. ಹಳೇ ಮೈಸೂರು ಸೀಮೆಯಲ್ಲಿ ಹಗೇವು ಕಂಡವರಿಗೆ ಇದು ತಿಳಿಯುತ್ತದೆ. ನೆಲ ಅಗೆದು ಮಾಡಿದ ಆ ಗುಳಿಯಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಸಣ್ಣ ಕಾಳು, ಹುಳು ಹಿಡಿಯುವುದು ಅಪರೂಪ. ಬರ ಬಂದ ವರ್ಷ ಹಗೇವು ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಇಳಿದು ಕಾಳು ತೆಗೆದು ಊರೂರೇ ಬದುಕಿಕೊಂಡಿವೆ. ರಾಗಿ ಬೆಳೆಯುವ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ ಅದು. ಹೊಲದಲ್ಲಿ ಎಲ್ಲರೂ ಬಲ್ಲ ಅದನ್ನು ಮೇಲು ಕೀಳು ತೀರ್ಮಾನಿಸುವ ಸಭೆಗೆ ತಂದು ಸಾಕ್ಷಿ ನಿಲ್ಲಿಸಿದವರು ಯಾರೂ ಇರಲಿಲ್ಲ. ಕನಕದಾಸರು ನಿಲ್ಲಿಸಿದರು. ಕುರುಬರ ಮನೆಯಲ್ಲಿ ಹುಟ್ಟಿದ ಕವಿ, ಹುಟ್ಟಿನಿಂದ ಯಾರು ಮೇಲು ಎಂಬ ಪ್ರಶ್ನೆಯನ್ನು ನೇರವಾಗಿ ವಾದಕ್ಕಿಳಿಸಿದ್ದರೆ ಶಾಸ್ತ್ರದ ಶ್ಲೋಕಗಳ ಮಳೆ ಸುರಿಯುತ್ತಿತ್ತು. ಉಗ್ರಾಣದಲ್ಲಿ ಆರು ತಿಂಗಳು ಇಟ್ಟು ನೋಡಿ ಎಂದಾಗ ಯಾವ ಶ್ಲೋಕವೂ ಒದಗುವುದಿಲ್ಲ. ಐನೂರು ವರ್ಷದ ಹಿಂದಿನ ಆ ಚಿಕ್ಕ ಕಾವ್ಯವನ್ನು ಓದಿದಾಗಲೆಲ್ಲ ಅದರ ಧೈರ್ಯಕ್ಕಿಂತ ಅದರ ಜಾಣ್ಮೆಗೆ ನಾನು ಕೈಮುಗಿಯುತ್ತೇನೆ.

ಹಳೆಯ ಕನ್ನಡದ ವಿಡಂಬನೆಯೆಲ್ಲ ಇದೇ ದಿಕ್ಕಿನಲ್ಲಿ ಹೋಯಿತೆಂದಲ್ಲ. 12ನೇ ಶತಮಾನದ ಜೈನ ಕವಿ ಬ್ರಹ್ಮಶಿವನ 'ಸಮಯಪರೀಕ್ಷೆ' ಆ ಕಾಲದ ಜನರ ನಂಬಿಕೆ, ಆಚರಣೆಗಳನ್ನು ಹತ್ತಿರದಿಂದ ನೋಡಿ ಬರೆದ ಗ್ರಂಥ. ವಿವರಗಳ ದೃಷ್ಟಿಯಿಂದ ದೊಡ್ಡ ನಿಧಿ. ಆದರೆ ಅಲ್ಲಿ ಪರೀಕ್ಷೆ ನಡೆಯುವುದು ಉಳಿದವರ ಮತಗಳಿಗೆ. ತನ್ನದು ಪರೀಕ್ಷಕನ ಪೀಠದಲ್ಲೇ ಉಳಿಯುತ್ತದೆ. ಹೀಗೆ ಬರೆದದ್ದನ್ನು ಓದಿ ನಗುವವರು ಮೊದಲೇ ಕವಿಯ ಕಡೆ ಇದ್ದವರು. ಆಚೆ ಕಡೆಯವರಿಗೆ ನಗಲು ಅಲ್ಲಿ ಜಾಗವಿಲ್ಲ. ಕನಕದಾಸರ ಸಭೆಯಲ್ಲಿ ಅನ್ನ ಉಣ್ಣುವವರಿಗೂ ಮುದ್ದೆ ಉಣ್ಣುವವರಿಗೂ ಒಟ್ಟಿಗೆ ನಗಲು ಜಾಗ ಇದೆ. ಈ ವ್ಯತ್ಯಾಸವನ್ನು ನಾನು ಸಣ್ಣದೆಂದುಕೊಳ್ಳುವುದಿಲ್ಲ.

ಆಟ ಬಯಲಾಟಗಳಲ್ಲಿ ಈ ಕೆಲಸಕ್ಕೆ ಒಬ್ಬನನ್ನು ಗೊತ್ತುಮಾಡಿಯೇ ಇಟ್ಟಿದ್ದರು. ಯಕ್ಷಗಾನದ ಹಾಸ್ಯಗಾರ ದೂತನಾಗಿಯೋ ಬಾಗಿಲು ಕಾಯುವವನಾಗಿಯೋ ಬಂದು, ಕಿರೀಟ ಇಟ್ಟ ರಾಜನ ಎದುರು ದಿನನಿತ್ಯದ ಮಾತಿನಲ್ಲಿ ಊರಿನ ಸಂಗತಿಗಳನ್ನು ಆಡುತ್ತಾನೆ. ರಾಜನಿಗೆ ಪುರಾಣದ ಎಲ್ಲೆ ಇದೆ, ಹಾಸ್ಯಗಾರನಿಗಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿಗೂ ಇಂಥದೇ ಸಲಿಗೆ.

ಇದು ಬಯಲಿನಿಂದ ಪೇಟೆಯ ಮನೆಯ ಹಜಾರಕ್ಕೆ ಬಂದದ್ದು ಟಿ.ಪಿ. ಕೈಲಾಸಂ ಅವರಿಂದ. ಕಂಪನಿ ನಾಟಕಗಳು ರಾಜರಾಣಿಯರ, ದೇವದೇವತೆಗಳ ಕಥೆಗಳನ್ನು ಹಾಡುಗಳೊಡನೆ ಆಡುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರು ಮೈಸೂರಿನ ಮಧ್ಯಮವರ್ಗದ ಮನೆಯನ್ನು ರಂಗದ ಮೇಲೆ ಇಟ್ಟರು. 'ಟೊಳ್ಳು ಗಟ್ಟಿ'ಯಲ್ಲಿ ಇಬ್ಬರು ಮಕ್ಕಳು. ಪುಟ್ಟು ಪರೀಕ್ಷೆಗಳಲ್ಲಿ ಮುಂದು, ಮನೆಯವರ ಹೆಮ್ಮೆ. ಮಾಧು ಓದಿನಲ್ಲಿ ಹಿಂದೆ ಬಿದ್ದವನು, ಮನೆಗೆಲಸಕ್ಕೆ ಹೆಗಲು ಕೊಡುವವನು. ಮನೆಗೆ ಬೆಂಕಿ ಬಿದ್ದ ದಿನ ಒಬ್ಬನಿಗೆ ಪುಸ್ತಕ, ಸರ್ಟಿಫಿಕೇಟುಗಳ ಚಿಂತೆ, ಇನ್ನೊಬ್ಬನಿಗೆ ಮನೆಯವರ ಜೀವದ ಚಿಂತೆ. ನಾಟಕದ ಹೆಸರೇ ಉಳಿದದ್ದನ್ನು ಹೇಳಿಬಿಡುತ್ತದೆ.

ಕೈಲಾಸಂ ಈ ಏಟನ್ನು ಹೊರಗೆ ನಿಂತು ಹೊಡೆಯಲಿಲ್ಲ. ನ್ಯಾಯಾಧೀಶರ ಮಗ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು, ಪರೀಕ್ಷೆಗಳನ್ನು ಗೆದ್ದವರು. ಪುಟ್ಟುವಿನ ಪೆಟ್ಟಿಗೆಯಲ್ಲಿ ಏನೇನು ಇರುತ್ತದೆ ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. ಭಾಷೆಯ ವಿಷಯದಲ್ಲೂ ಅಷ್ಟೆ. ಅರ್ಧ ಇಂಗ್ಲಿಷು ಅರ್ಧ ಕನ್ನಡ ಬೆರೆಸಿ ಮಾತಾಡುವ ಅವರ ಪಾತ್ರಗಳನ್ನು ಕಂಡು ಕನ್ನಡ ಕೆಡಿಸಿದರು ಎಂದು ಬೇಸರಪಟ್ಟವರಿದ್ದರು. ಅವರು ಕೆಡಿಸಿದ್ದಲ್ಲ, ಕೇಳಿಸಿಕೊಂಡದ್ದು. 'ಬಂಡ್ವಾಳ್ವಿಲ್ಲದ್ ಬಡಾಯಿ'ಯ ವಕೀಲ ಅಹೋಬ್ಲುವಿನ ಜಂಬಕ್ಕೆ ಆ ಬೆರಕೆ ಮಾತೇ ಮೈ. ಶುದ್ಧ ಕನ್ನಡದಲ್ಲಿ ಅವನನ್ನು ಮಾತಾಡಿಸಿದ್ದರೆ ಪ್ರೇಕ್ಷಕರಿಗೆ ಅವನು ಯಾರೋ ಆಗುತ್ತಿದ್ದ. ಆ ಮಾತಿನಿಂದಾಗಿ ಅವನು ತಮ್ಮ ಮನೆಯ ಅಳಿಯನೋ ಪಕ್ಕದ ಬೀದಿಯ ರಾಯರೋ ಆದ. ತಮ್ಮ ನಾಲಗೆಯನ್ನೇ ರಂಗದ ಮೇಲೆ ಕೇಳಿಸಿಕೊಂಡ ವಿದ್ಯಾವಂತರು ನಕ್ಕರು. ಮನೆಗೆ ಹೋಗಿ ಮಾತಾಡುವಾಗ ಆ ನಗು ಮತ್ತೆ ನೆನಪಾಗಿರಲೇಬೇಕು.

1942ರಲ್ಲಿ ಬೆಂಗಳೂರಿನಿಂದ 'ಕೊರವಂಜಿ' ಹೊರಟಿತು. ಕೊರವಂಜಿ ಎಂದರೆ ಬುಟ್ಟಿ ಹೊತ್ತು ಮನೆಮನೆಗೆ ಬಂದು ಕಣಿ ಹೇಳುವವಳು. ದೊಡ್ಡ ಮನೆಯ ಯಜಮಾನಿಯ ಕೈಯನ್ನೂ ಹಿಡಿದು ಎದುರಿಗೇ ಇದ್ದದ್ದು ಇದ್ದ ಹಾಗೆ ಹೇಳುವ ಸಲಿಗೆ ಅವಳಿಗಿದೆ. ಪತ್ರಿಕೆಗೆ ಅದಕ್ಕಿಂತ ಒಪ್ಪುವ ಹೆಸರು ಇರಲಿಲ್ಲ. ಅದನ್ನು ಕಟ್ಟಿದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು, 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಮುಂದೆ ಮನಸ್ಸಿನ ವಿಷಯವಾಗಿ ಬರೆದ 'ಮನಮಂಥನ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಎರಡನೇ ಮಹಾಯುದ್ಧದ ದಿನಗಳು. ಕಾಗದಕ್ಕೂ ಬರ, ಅಕ್ಕಿಗೂ ಬರ, ಕಾಳಸಂತೆಗೆ ಮಾತ್ರ ಸುಗ್ಗಿ. ಹಾಗೆ ಹುಟ್ಟಿದ ಮಾಸಿಕ 1967ರವರೆಗೆ, ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ನಡೆಯಿತು. ನಗೆಯನ್ನೇ ನೆಚ್ಚಿಕೊಂಡ ಪತ್ರಿಕೆ ಅಷ್ಟು ಕಾಲ ಬಾಳುವುದು ಸಣ್ಣ ಮಾತಲ್ಲ. 1983ರಲ್ಲಿ ಅದರ ದಾರಿಯಲ್ಲೇ 'ಅಪರಂಜಿ' ಬಂತು.

'ಕೊರವಂಜಿ'ಯ ಬಳಗದಲ್ಲಿ ನಾ. ಕಸ್ತೂರಿಯವರ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಹುಟ್ಟಿದ್ದು ಕೇರಳದ ತ್ರಿಪ್ಪುಣಿತ್ತುರದಲ್ಲಿ, ಮನೆಮಾತು ಮಲಯಾಳ. ಮೇಷ್ಟರಾಗಿ ಮೈಸೂರಿಗೆ ಬಂದು ಕನ್ನಡ ಕಲಿತವರು. ಅಂಥವರು 'ಅನರ್ಥಕೋಶ' ಎಂಬ ಪುಸ್ತಕ ಕಟ್ಟಿದರು. ನಿಘಂಟಿನ ಹಾಗೆಯೇ ಪದ, ಮುಂದೆ ಅರ್ಥ. ನಾವು ಬಾಯಲ್ಲಿ ಹೇಳುವ ಅರ್ಥ ಪಂಡಿತರ ಕೋಶದಲ್ಲಿರುತ್ತದೆ. ನಾವು ಬಾಳಿನಲ್ಲಿ ನಡೆಸುವ ಅರ್ಥ ಇವರ ಕೋಶದಲ್ಲಿತ್ತು. ಹುಟ್ಟಿನಿಂದ ಒಂದು ಭಾಷೆಯಲ್ಲಿ ಮುಳುಗಿದವರಿಗೆ ಪದದ ಮೇಲೆ ಕೂತ ಧೂಳು ಕಾಣುವುದಿಲ್ಲ. ಕಲಿತು ಬಂದವರು ಪ್ರತಿ ಪದವನ್ನೂ ಎತ್ತಿ, ತಿರುಗಿಸಿ ನೋಡುತ್ತಾರೆ. ಕಸ್ತೂರಿಯವರ ಕಿವಿ ಹಾಗೆ ತಯಾರಾದದ್ದು ಎಂದು ನನ್ನ ಊಹೆ.

ಅದೇ 'ಕೊರವಂಜಿ'ಯಲ್ಲಿ ಬರೆದ ಟಿ. ಸುನಂದಮ್ಮನವರನ್ನೂ ಮರೆಯಬಾರದು. ನಮ್ಮ ನಗೆಯಲ್ಲಿ ಒಂದು ಹಳೆಯ ರೋಗ ಇದೆ. ಜಗಳಗಂಟಿ ಹೆಂಡತಿ, ಪೆದ್ದ ಆಳು, ಹಳ್ಳಿಯವನ ಮಾತು, ಡೊಳ್ಳುಹೊಟ್ಟೆಯ ಅಡುಗೆ ಭಟ್ಟ ಎಂದು ಮರುಮಾತಾಡದವರನ್ನೇ ಹುಡುಕಿ ನಗುವ ರೋಗ. ಮನೆಯೊಳಗಿನ ಹೆಂಗಸು ಎಲ್ಲರ ನಗೆಗೆ ವಸ್ತುವಾಗಿದ್ದ ಕಾಲದಲ್ಲಿ ಸುನಂದಮ್ಮ ಲೇಖನಿ ಹಿಡಿದು ಆ ಮನೆಯನ್ನು ಅಡುಗೆಮನೆಯ ಹೊಸ್ತಿಲಿನಿಂದ ನೋಡಿ ಬರೆದರು. ನೋಡುವ ಜಾಗ ಬದಲಾದಾಗ ನಗೆಯ ಗುರಿಯೂ ಬದಲಾಗುತ್ತದೆ.

'ಕೊರವಂಜಿ'ಯ ಪುಟಗಳಲ್ಲಿ ಮೈಸೂರಿನ ಹುಡುಗನೊಬ್ಬ ವ್ಯಂಗ್ಯಚಿತ್ರ ಬರೆಯುತ್ತಿದ್ದ, ಆರ್.ಕೆ. ಲಕ್ಷ್ಮಣ್. ಮುಂಬೈಗೆ ಹೋಗಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದ ಅವರು 1951ರಲ್ಲಿ ಪಾಕೆಟ್ ಕಾರ್ಟೂನ್ ಆರಂಭಿಸಿದರು. ಅದರಲ್ಲಿ ಬರುವ ಚೌಕಳಿ ಕೋಟು, ಪಂಚೆಯ ಶ್ರೀಸಾಮಾನ್ಯನನ್ನು ದೇಶವೇ ಬಲ್ಲದು. ದಶಕಗಳ ಕಾಲ ಅವನು ಬಾಯಿ ಬಿಡಲಿಲ್ಲ. ಮಂತ್ರಿ ಸುಳ್ಳು ಹೇಳುವಾಗ, ಅಧಿಕಾರಿ ಕಡತ ಮುಚ್ಚುವಾಗ ಅವನು ಮೂಲೆಯಲ್ಲಿ ನಿಂತಿರುತ್ತಾನೆ, ಅಷ್ಟೆ. ಅಲ್ಲಿ ಅವನನ್ನು ನಿಲ್ಲಿಸಿದ್ದರಿಂದಲೇ ಮಂತ್ರಿಯ ಮಾತು ಬೇರೆಯಾಗಿ ಕೇಳಿಸುತ್ತದೆ. ನೋಡುತ್ತಿರುವವನೊಬ್ಬ ಇದ್ದಾನೆ ಎಂಬುದು ಓದುಗರಿಗೆ ಗೊತ್ತು, ಮಂತ್ರಿಗೆ ಗೊತ್ತಿಲ್ಲ.

ಅಧಿಕಾರಕ್ಕೆ ಈ ನೋಟದ ಹೆದರಿಕೆ ಎಷ್ಟಿದೆ ಎಂಬುದು ತುರ್ತು ಪರಿಸ್ಥಿತಿಯಲ್ಲಿ ಕಂಡಿತು. 1975ರ ಜೂನ್ 25ರ ನಂತರ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಅಚ್ಚಾಗುವ ಮೊದಲು ವ್ಯಂಗ್ಯಚಿತ್ರಗಳನ್ನೂ ಅಧಿಕಾರಿಗಳಿಗೆ ತೋರಿಸಬೇಕಾಯಿತು. 1948ರಿಂದ ನಡೆದುಬಂದಿದ್ದ ವ್ಯಂಗ್ಯಚಿತ್ರಕಾರ ಶಂಕರ್ ಅವರ ವಿಡಂಬನಾ ವಾರಪತ್ರಿಕೆ ಆ ಆಗಸ್ಟ್ ಕೊನೆಗೆ ಮುಚ್ಚಿತು. ಸರ್ವಾಧಿಕಾರಕ್ಕೆ ಜನರ ನಗುವನ್ನು ತಾಳುವ ಶಕ್ತಿಯಿಲ್ಲ ಎಂಬ ಅರ್ಥದ ಮಾತನ್ನು ಬರೆದು ಅವರು ಓದುಗರಿಂದ ಬೀಳ್ಕೊಂಡರು. ಅದೇ ಡಿಸೆಂಬರ್‌ನಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಅಬು ಅಬ್ರಹಾಂ ಬರೆದ ಒಂದು ಚಿತ್ರ ಮಾತ್ರ ಹೇಗೋ ಹೊರಗೆ ಬಂತು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿದ್ದಾರೆ, ಬಾಗಿಲ ಸಂದಿನಿಂದ ಚಾಚಿದ ಕೈಗೆ ಸಹಿ ಮಾಡಿದ ಸುಗ್ರೀವಾಜ್ಞೆ ಕೊಡುತ್ತಿದ್ದಾರೆ. ಸುಗ್ರೀವಾಜ್ಞೆಗಳು ಓದುವ ಪುರಸೊತ್ತೂ ಇಲ್ಲದೆ ಹೊರಬೀಳುತ್ತಿವೆ ಎಂಬ ಅನುಮಾನ ದೇಶದಲ್ಲಿ ಯಾರಿಗೆ ಇರಲಿಲ್ಲ? ಒಂದು ತೊಟ್ಟಿ, ಒಂದು ಪೆನ್ನು ಸೇರಿ ಆ ಅನುಮಾನಕ್ಕೆ ಆಕಾರ ಕೊಟ್ಟವು. ಇಂದಿಗೂ ಆ ಕಾಲದ ಬಗ್ಗೆ ಬರೆಯುವವರು ನೂರು ಪುಟದ ವರದಿಗಿಂತ ಮೊದಲು ಆ ಚಿತ್ರವನ್ನು ನೆನೆಯುತ್ತಾರೆ. ಕನ್ನಡದಲ್ಲಿ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಆ ದಿನಗಳಲ್ಲಿ ಜೈಲು ಕಂಡರು. ಅವರ 'ಜಗದಂಬೆಯ ಬೀದಿನಾಟಕ' ಯಾವ ಅಂಬೆಯ ಕುರಿತದ್ದು ಎಂದು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

1980ರಲ್ಲಿ 'ಲಂಕೇಶ್ ಪತ್ರಿಕೆ' ಜಾಹೀರಾತುಗಳ ಹಂಗು ಬೇಡವೆಂದು ಓದುಗರನ್ನೇ ನಂಬಿ ಹೊರಟಾಗ ಈ ಬಗೆಯ ಬರವಣಿಗೆ ವಾರವಾರ ಹಳ್ಳಿಯ ಚಹಾದಂಗಡಿಗೂ ತಲುಪಿತು. ಆಗಿನ ಮುಖ್ಯಮಂತ್ರಿ ಗುಂಡೂರಾಯರು ಲಂಕೇಶರ ಲೇಖನಿಯಲ್ಲಿ 'ಗುಂ' ಆದರು. ಒಂದೇ ಅಕ್ಷರದಲ್ಲಿ ಪದವಿಯ ಗಾಂಭೀರ್ಯವೆಲ್ಲ ಕಳಚಿಬಿತ್ತು. ಲಂಕೇಶರ ಗದ್ಯವನ್ನು ಮೆಚ್ಚುವವನಾಗಿಯೂ ಒಂದು ಮಾತು ಹೇಳಬೇಕೆನಿಸುತ್ತದೆ. ಅಡ್ಡಹೆಸರಿನ ವಿಡಂಬನೆ ಬೇಗ ಹರಡುತ್ತದೆ, ಅಷ್ಟೇ ಬೇಗ ಅಗ್ಗವೂ ಆಗುತ್ತದೆ. ಲಂಕೇಶರ ಪತ್ರಿಕೆಯಲ್ಲಿ ಅದರ ಹಿಂದೆ ವರದಿಯ ಬಲ ಇರುತ್ತಿತ್ತು. ಅವರನ್ನು ಅನುಕರಿಸಿದ ಎಷ್ಟೋ ಪತ್ರಿಕೆಗಳಲ್ಲಿ ಅಡ್ಡಹೆಸರು ಉಳಿಯಿತು, ವರದಿ ಹೋಯಿತು.

ರಂಗಕ್ಕೆ ಮರಳಿದರೆ ಮಾಸ್ಟರ್ ಹಿರಣ್ಣಯ್ಯನವರನ್ನು ಬಿಟ್ಟು ಈ ಮಾತು ಮುಂದೆ ಹೋಗುವುದಿಲ್ಲ. 1934ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಅವರು ತಂದೆ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿಯನ್ನು ದಶಕಗಳ ಕಾಲ ನಡೆಸಿದರು. 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡಿತು. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಸಂಗತಿ ರಾತ್ರಿ ಅವರ ಮಾತಿನೊಳಗೆ ಬಂದಿರುತ್ತಿತ್ತು. ಹಾಗಾಗಿ ಆ ನಾಟಕವನ್ನು ಪುಸ್ತಕದಲ್ಲಿ ಹಿಡಿದಿಡಲಾಗುವುದಿಲ್ಲ, ಪ್ರತಿ ರಾತ್ರಿಯೂ ಅದು ಹೊಸದು. ರಾಜಕಾರಣಿಗಳನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಯಾರಿಂದಲೂ ಆದೀತು. ಹಿರಣ್ಣಯ್ಯ ಚಪ್ಪಾಳೆ ತಟ್ಟುವವರ ಕಡೆಗೂ ತಿರುಗಿ, ಓಟು ಹಾಕಿ ಇವರನ್ನು ಕಳಿಸಿದವರು ಯಾರು ಎಂಬ ಧಾಟಿಯಲ್ಲಿ ಕೇಳುತ್ತಿದ್ದರು. ಲಂಚ ಕೊಟ್ಟವರು, ತೆಗೆದುಕೊಂಡವರು ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ಒಟ್ಟಿಗೆ ನಗಬೇಕಾಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಸಾವಿರಾರು ಪ್ರದರ್ಶನ ಆದ ಮೇಲೂ ಲಂಚ ನಿಂತಿತೇ? ನಿಲ್ಲಲಿಲ್ಲ. ನಕ್ಕು ಹಗುರಾಗಿ ಮನೆಗೆ ಹೋದವರು ಮರುದಿನ ಕಚೇರಿಯಲ್ಲಿ ಮತ್ತೆ ಕೈ ಬಿಸಿ ಮಾಡಿದ್ದಾರೆ. ಹಾಗಾದರೆ ನಗು ಸಿಟ್ಟನ್ನು ಆವಿ ಮಾಡಿ ಕಳಿಸಿಬಿಡುತ್ತದೆಯೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ನನ್ನ ಉತ್ತರ ಇಷ್ಟು. ಲಂಚ ಹಿಡಿಯುವುದು ಲೋಕಾಯುಕ್ತದ ಕೆಲಸ, ಅದಕ್ಕೆ 1984ರಲ್ಲಿ ಕರ್ನಾಟಕ ಕಾನೂನನ್ನೇ ಮಾಡಿಕೊಂಡಿತು. ನಾಟಕ ಯಾರನ್ನೂ ಬಂಧಿಸಲಾರದು. ಆದರೆ ಲಂಚಕ್ಕೆ ನಮ್ಮ ಮಾತಿನಲ್ಲಿ ಇರುವ ಹೆಸರುಗಳನ್ನು ನೋಡಿ: ಮಾಮೂಲು, ಕೈಬಿಸಿ, ಕಾಫಿ ಖರ್ಚು, ಮೇಜಿನ ಕೆಳಗಿನದು. ಮಾಮೂಲು ಎಂದರೆ ಎಂದಿನದು, ರೂಢಿಯದು. ತಪ್ಪಿಗೆ ರೂಢಿಯ ಹೆಸರು ಬಿದ್ದ ದಿನ ಅದು ತಪ್ಪಾಗಿ ಕಾಣುವುದು ನಿಲ್ಲುತ್ತದೆ. ಹಿರಣ್ಣಯ್ಯ ಅದನ್ನು ಲಂಚ ಎಂದೇ ಕರೆದು, ಪಕ್ಕದಲ್ಲಿ ದಶಾವತಾರದ ಅವತಾರವನ್ನು ಕೂರಿಸಿ, ಊರೂರಿನ ಗೋಡೆಗಳ ಮೇಲೆ ದೊಡ್ಡಕ್ಷರದಲ್ಲಿ ಅಂಟಿಸಿದರು. ಆ ಪದ ಮಾಮೂಲಾಗದಂತೆ ಇಷ್ಟು ವರ್ಷ ಕಾದದ್ದು ನನ್ನ ಲೆಕ್ಕದಲ್ಲಿ ಸಣ್ಣ ಕೆಲಸವಲ್ಲ.

ಈಗ ನಗೆ ಎಲ್ಲರ ಜೇಬಿನಲ್ಲಿದೆ. ಚುನಾವಣೆ ಘೋಷಣೆಯಾದ ಗಳಿಗೆಯಿಂದ ವಾಟ್ಸ್ಆ್ಯಪ್‌ನಲ್ಲಿ ಮೀಮ್‌ಗಳ ಹೊಳೆ ಹರಿಯುತ್ತದೆ. ಅವುಗಳಲ್ಲಿ ಚುರುಕಾದವು ಬೇಕಾದಷ್ಟಿವೆ. ಡಬ್ಬಿಂಗ್ ಮಾಡಿ, ಹಳೆಯ ಸಿನಿಮಾದ ತುಣುಕು ಜೋಡಿಸಿ ಹುಡುಗರು ಮಾಡುವ ಅಣಕ ನೋಡಿ ನಾನು ಮನಸಾರೆ ನಕ್ಕಿದ್ದೇನೆ. ನನ್ನ ಚಿಂತೆ ಚಪ್ಪರದ್ದು. ಒಂದು ಪಕ್ಷದವರ ಗುಂಪಿನಲ್ಲಿ ಇನ್ನೊಂದು ಪಕ್ಷದ ಮೇಲಿನ ಮೀಮ್ ಓಡಾಡುತ್ತದೆ, ಅವರ ಗುಂಪಿನಲ್ಲಿ ಇವರದು. ತಟ್ಟೆಯ ಅಂಚಿಗೆ ಬೆರಳು ತಾಗಿಸುವವರು ಮುಂದಿನ ಸಾಲಿನಲ್ಲಿ ಇಲ್ಲ. ಕದ ಹಾಕಿಕೊಂಡು ನಗುವಾಗ ನಮಗೆ ಗೊತ್ತಿರುವುದು ಉಳಿದವರಿಗೂ ಗೊತ್ತಿದೆಯೇ ಎಂಬುದು ಕಾಣುವುದಿಲ್ಲ. ಅವರ ಮೇಲೆ ನಮ್ಮ ತಿರಸ್ಕಾರವಷ್ಟೇ ಗಟ್ಟಿಯಾಗುತ್ತದೆ. ಬ್ರಹ್ಮಶಿವನ ದಾರಿ ಅಗಲವಾಗುತ್ತಿದೆ, ಕನಕದಾಸರದು ಕಿರಿದಾಗುತ್ತಿದೆ. ಇನ್ನು ಹೆಣ್ಣುಮಗಳೊಬ್ಬಳು ಅಭಿಪ್ರಾಯ ಹೇಳಿದ್ದಕ್ಕೆ ಅವಳ ಬಣ್ಣ, ಮೈಕಟ್ಟು ಹಿಡಿದು ಸಾವಿರ ಜನ ಮುಗಿಬೀಳುವುದನ್ನು ವಿಡಂಬನೆ ಎಂದು ಕರೆಯುವುದೇ ಆ ಪದಕ್ಕೆ ಮಾಡುವ ಅವಮಾನ. ಅದು ಹಳೆಯ ಲೇವಡಿ, ಕೈಗೆ ಹೊಸ ಯಂತ್ರ ಸಿಕ್ಕಿದೆ.

ಚಪ್ಪರದೊಳಗಿನ ಮಾತು ಚಪ್ಪರದ ಹೊರಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ನಾಡಿನ ಒಂದು ಪ್ರಸಂಗ ಇದೆ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಪ್ರಾಥಮಿಕ ತರಗತಿಯ ಮಕ್ಕಳು ಪೌರತ್ವ ಕಾನೂನಿನ ಕುರಿತು ಒಂದು ನಾಟಕ ಆಡಿದರು. ಕಾಗದಪತ್ರ ಕೇಳಲು ಬಂದವರಿಗೆ ಮುದುಕಿಯೊಬ್ಬಳು ಏನು ಹೇಳಿಯಾಳು ಎಂಬಂಥ ಮಾತುಗಳು ಅದರಲ್ಲಿದ್ದವು. ಶಾಲೆಯ ಆವರಣದಲ್ಲಿ ಆಡಿದ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಅದರ ವಿಡಿಯೊ ಫೇಸ್‌ಬುಕ್‌ಗೆ ಹೋಯಿತು. ಆ ದಿನ ಅಲ್ಲಿ ಕೂತಿಲ್ಲದವರು ನೋಡಿದರು. ದೂರು ದಾಖಲಾಯಿತು, ದೇಶದ್ರೋಹದ ಕಲಮನ್ನೂ ಸೇರಿಸಲಾಯಿತು. ಶಾಲೆಯ ಒಬ್ಬ ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಪೊಲೀಸರು ಶಾಲೆಗೆ ಬಂದು ಈ ಮಾತುಗಳನ್ನು ಯಾರು ಹೇಳಿಕೊಟ್ಟರು ಎಂದು ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು.

ಆ ನಾಟಕದ ನಿಲುವನ್ನು ಒಪ್ಪಬಹುದು, ಬಿಡಬಹುದು. ಹತ್ತು ವರ್ಷದ ಆಸುಪಾಸಿನ ಮಗುವನ್ನು ಸಂಭಾಷಣೆಯ ಸಾಲಿಗಾಗಿ ವಿಚಾರಣೆಗೆ ಕೂರಿಸಿದ್ದನ್ನು ಮಾತ್ರ ನನಗೆ ಒಪ್ಪಲಾಗುವುದಿಲ್ಲ. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ ಆ ಮೊಕದ್ದಮೆಯನ್ನು ರದ್ದುಗೊಳಿಸಿತು. ಹಿಂಸೆಗೆ ಕುಮ್ಮಕ್ಕು ಕೊಡುವಂಥದ್ದು ಅದರಲ್ಲಿಲ್ಲ ಎಂದು ಕಂಡುಕೊಂಡಿತು. ತೀರ್ಪು ಬರುವ ಹೊತ್ತಿಗೆ ನಾಟಕ ಆಡಿದ ಮಕ್ಕಳು ಹಲವು ತರಗತಿ ದಾಟಿದ್ದರು.